ಒಂಟೆಯ ಬಾಣಗಳಿಂದ ಕಾರಿನ ಪೆಟ್ಟಿಗೆಯವರೆಗೆ

ಜೂಜಿನ ಕುರಿತಾದ ಜುಮಾ ಖುತ್ಬಾದ ಸಾರಾಂಶ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಮೇಲೆ ಓದುಗರೊಬ್ಬರು, ಎಂಟನೇ ತರಗತಿಯ ಹುಡುಗನ ಉಮ್ಮ, ನಮ್ಮನ್ನು ಹುಡುಕಿಕೊಂಡು ಬಂದರು. ಮಗ ಅವರ ಮೊಬೈಲಿನಲ್ಲಿ ಕಾರ್ ರೇಸಿನ ಗೇಮ್ ಆಡುತ್ತಾನೆ. ಅದರೊಳಗೆ 89 ರೂಪಾಯಿಯಂತೆ 23 ಬಾರಿ ಹಣ ಹೋಗಿದೆ, ಒಟ್ಟು 2,047 ರೂಪಾಯಿ. ಗದರಿಸಿ ಕೇಳಿದರೆ ಹುಡುಗನದು ಒಂದೇ ಮಾತು: "ಉಮ್ಮಾ, ನಾನು ಬೆಟ್ ಕಟ್ಟಲಿಲ್ಲ. ಬಾಕ್ಸ್ ತಗೊಂಡೆ ಅಷ್ಟೇ. ಪ್ರತಿ ಸಲ ಏನಾದರೂ ಸಿಕ್ಕಿದೆ."

ಆ ಕ್ಷಣಕ್ಕೆ ನಾವು ಏನೋ ಒಂದು ಉತ್ತರ ಹೇಳಿ ಕಳುಹಿಸಿದೆವು. ಆದರೆ ಹುಡುಗನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನು ಯಾರೊಂದಿಗೂ ಪಂದ್ಯ ಕಟ್ಟಿರಲಿಲ್ಲ, ಬರಿಗೈಯಲ್ಲೂ ಎದ್ದು ಬಂದಿರಲಿಲ್ಲ. ಹಾಗಾದರೆ ಆ ಪೆಟ್ಟಿಗೆ ಏನು? ಅದು ಕಾರಿನ ಆಟದೊಳಗೆ ಬಂದು ಕುಳಿತದ್ದು ಯಾವಾಗ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಹೋದಾಗ ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಕಥೆ ಜಪಾನಿನಿಂದ ಅಮೆರಿಕದವರೆಗೆ ಸುತ್ತುತ್ತದೆ. ಆದರೂ ಅದನ್ನು ಮಕ್ಕಾ ಮದೀನಾದ ಹಳೆಯ ದಿನಗಳಿಂದಲೇ ಆರಂಭಿಸಬೇಕಾಗುತ್ತದೆ.

ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಮೈಸಿರ್ ಎಂಬ ಆಟವಿತ್ತು. ಇಂದು ನಾವು ಈ ಪದಕ್ಕೆ ಜೂಜು ಎಂದಷ್ಟೇ ಅರ್ಥ ಹೇಳಿ ಮುಂದೆ ಹೋಗುತ್ತೇವೆ. ಅದು ನಡೆಯುತ್ತಿದ್ದ ರೀತಿಯನ್ನು ವ್ಯಾಖ್ಯಾನಕಾರರು ಬಿಡಿಸಿ ಬರೆದಿದ್ದಾರೆ. ಒಂಟೆಯೊಂದನ್ನು ತಂದು ಕಡಿಯುವರು. ಮಾಂಸವನ್ನು ಪಾಲು ಮಾಡುವರು. 10 ಪಾಲು ಎಂದು ಕೆಲವರು, 28 ಎಂದು ಕೆಲವರು ಹೇಳುತ್ತಾರೆ. ಚೀಲದಲ್ಲಿ 10 ಬಾಣಗಳು. ಏಳು ಬಾಣಗಳಿಗೆ ಒಂದರಿಂದ ಏಳರವರೆಗೆ ಪಾಲು, ಉಳಿದ ಮೂರು ಖಾಲಿ. ಏಳು ಪಾಲಿನ ಬಾಣದ ಹೆಸರು ಮುಅಲ್ಲಾ. ಒಂದರಿಂದ ಏಳರವರೆಗೆ ಕೂಡಿದರೆ ಸರಿಯಾಗಿ 28 ಆಗುತ್ತದೆ, 28 ಪಾಲಿನ ಲೆಕ್ಕ ಬಂದದ್ದು ಅಲ್ಲಿಂದ. ಖಾಲಿ ಬಾಣ ಬಂದವನಿಗೆ ಮಾಂಸವಿಲ್ಲ, ಒಂಟೆಯ ಬೆಲೆ ಮಾತ್ರ ಅವನ ತಲೆಗೆ.

ಇಲ್ಲಿ ನಮ್ಮ ಗಮನ ಸೆಳೆಯುವ ಸಂಗತಿ ಬೇರೆಯೇ ಇದೆ. ಗೆದ್ದವರು ಆ ಮಾಂಸವನ್ನು ಹೆಚ್ಚಾಗಿ ತಾವು ತಿನ್ನುತ್ತಿರಲಿಲ್ಲ. ಚಳಿಗಾಲದ ಬರದಲ್ಲಿ ಬಡವರಿಗೆ ಹಂಚುತ್ತಿದ್ದರು. ಗೆಲುವಿನಿಂದ ಅವರಿಗೆ ದಕ್ಕುತ್ತಿದ್ದದ್ದು ಹೆಸರು, ಹೊಗಳಿಕೆ, ಕೂಟದಲ್ಲಿ ತಲೆಯೆತ್ತಿ ಕೂರುವ ಅವಕಾಶ. ಆಟಕ್ಕೆ ಬಾರದವನನ್ನು ಜಿಪುಣನೆಂದು ಹಂಗಿಸುತ್ತಿದ್ದರು. ಪವಿತ್ರ ಕುರ್‌ಆನ್ ಅಲ್ ಬಖರದ 219ನೇ ವಚನದಲ್ಲಿ ಮೈಸಿರ್‌ನಲ್ಲಿ ಜನರಿಗೆ ಪ್ರಯೋಜನವೂ ಇದೆ ಎಂಬುದನ್ನು ಅಲ್ಲಗಳೆಯದೆ, ಅದರ ಕೆಡುಕು ಪ್ರಯೋಜನಕ್ಕಿಂತ ದೊಡ್ಡದು ಎಂದು ತಿಳಿಸಿದ ಹಿನ್ನೆಲೆ ಇದು. ಬಳಿಕ ಅಲ್ ಮಾಇದಾದ 90 ಮತ್ತು 91ನೇ ವಚನಗಳಲ್ಲಿ ಅದನ್ನು ಪೂರ್ತಿ ತಡೆಯಲಾಯಿತು. ಹಂಚಿ ಕೊಡುವ ಮಾಂಸವಾದರೂ ಮೈಸಿರ್ ಮೈಸಿರೇ ಆಗಿತ್ತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ವಿಷಯ ಬರುವಾಗ ಇದು ಬೇಕಾಗುತ್ತದೆ.

ಆ ಕಾಲದ ಮಾರುಕಟ್ಟೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಅದರ ಹೆಸರು ಬೈಉಲ್ ಹಸಾತ್, ಅಂದರೆ ಕಲ್ಲಿನ ವ್ಯಾಪಾರ. ಸರಕುಗಳನ್ನು ಹರಡಿಟ್ಟು, ಬೆಲೆ ಮೊದಲೇ ನಿಗದಿ ಮಾಡಿ, ಹರಳೊಂದನ್ನು ಎಸೆಯುವುದು. ಯಾವ ಬಟ್ಟೆಯ ಮೇಲೆ ಬಿತ್ತೋ ಅದು ನಿನ್ನದು. ಬಿದ್ದದ್ದು ಹರಿದ ಅಂಗಿಯೂ ಆಗಬಹುದು, ಯಮನಿನ ಶಾಲೂ ಆಗಬಹುದು. ಪ್ರವಾದಿ ಮುಹಮ್ಮದ್(ಸ) ಇದನ್ನೂ, ಏನು ಸಿಗುತ್ತದೆಂದು ಗೊತ್ತಿಲ್ಲದ ಗರರ್ ವ್ಯಾಪಾರವನ್ನೂ ತಡೆದದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಪ್ರತಿ ಸಲವೂ ಏನಾದರೂ ಸಿಗುತ್ತದೆ, ಬರಿಗೈಯಲ್ಲಿ ಹೋಗುವುದಿಲ್ಲ ಎಂಬ ಹುಡುಗನ ವಾದ ಕಲ್ಲಿನ ವ್ಯಾಪಾರಕ್ಕೂ ಅನ್ವಯಿಸುತ್ತಿತ್ತು.

ಹಾಗೆಂದು ರೇಸನ್ನೇ ಬೇಡವೆಂದರೇ? ಇಲ್ಲ. ಮದೀನಾದಲ್ಲಿ ಪ್ರವಾದಿಯವರು(ಸ) ಸ್ವತಃ ಕುದುರೆ ಓಟ ಏರ್ಪಡಿಸಿದ್ದರು. ಪಳಗಿಸಿ ಸಜ್ಜುಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾವರೆಗೆ ಐದಾರು ಮೈಲಿ. ಸಜ್ಜುಗೊಳಿಸದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಖ್ ಮಸೀದಿಯವರೆಗೆ ಒಂದು ಮೈಲಿ. ಅಬ್ದುಲ್ಲಾ ಇಬ್ನು ಉಮರ್(ರ) ಅದರಲ್ಲಿ ಓಡಿಸಿದವರಲ್ಲಿ ಒಬ್ಬರು. ಕುದುರೆಯ ಶಕ್ತಿಗೆ ತಕ್ಕಂತೆ ಓಟದ ದೂರವನ್ನು ಬೇರೆ ಮಾಡಿದ ಈ ಏರ್ಪಾಡು ನಮಗೆ ಬಹಳ ಇಷ್ಟವಾಗುತ್ತದೆ. ಇಂದಿನ ರೇಸಿಂಗ್ ಗೇಮ್‌ಗಳಲ್ಲಿ ಕಾರುಗಳನ್ನು ದರ್ಜೆಗಳಾಗಿ ವಿಂಗಡಿಸುವುದೂ ಇದೇ ನ್ಯಾಯಕ್ಕೆ. ಫಿಖ್‌ಹ್ ವಿದ್ವಾಂಸರು ಬಹುಮಾನದ ವಿಷಯದಲ್ಲೂ ಗೆರೆ ಎಳೆದಿದ್ದಾರೆ. ಹೊರಗಿನವರು ಗೆದ್ದವನಿಗೆ ಬಹುಮಾನ ಕೊಟ್ಟರೆ ಒಂದು ವಿಷಯ. ಓಡುವವರೆಲ್ಲ ತಮ್ಮ ಹಣ ಒಡ್ಡಿ ಗೆದ್ದವನು ಬಾಚಿಕೊಂಡರೆ ಇನ್ನೊಂದು ವಿಷಯ.

ಈಗ ಜಪಾನಿಗೆ ಬರೋಣ. 1960ರ ದಶಕದಲ್ಲಿ ಅಲ್ಲಿನ ಅಂಗಡಿಗಳ ಮುಂದೆ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗೋಲಿಯೊಳಗೆ ಆಟಿಕೆ ಉದುರುವ ಯಂತ್ರಗಳು ಬಂದವು. ತಿರುಗುವ ಸದ್ದಿನಿಂದ ಅದಕ್ಕೆ ಗಾಚಾ ಎಂಬ ಹೆಸರು. ನಮ್ಮ ಬಾಲ್ಯದ ಗೂಡಂಗಡಿಗಳಲ್ಲಿ ಚೀಟಿ ಹರಿದು ಬಹುಮಾನ ನೋಡುವ ರಟ್ಟಿನ ಹಾಳೆ ತೂಗುಹಾಕಿರುತ್ತಿದ್ದರಲ್ಲ, ಅದರ ಅಣ್ಣ ಎನ್ನಬಹುದು. (ಆ ಹಾಳೆಯ ದೊಡ್ಡ ಬಹುಮಾನ ಯಾರಿಗಾದರೂ ಸಿಕ್ಕಿದ್ದನ್ನು ನಾವಂತೂ ಕಂಡಿಲ್ಲ.) 2004ರಲ್ಲಿ ಮೇಪಲ್‌ಸ್ಟೋರಿ ಎಂಬ ಆನ್‌ಲೈನ್ ಗೇಮಿನ ಜಪಾನೀ ಆವೃತ್ತಿಯಲ್ಲಿ ಇದೇ ಗಾಚಾ ಯಂತ್ರವನ್ನು ಪರದೆಯೊಳಗೆ ಇಟ್ಟರು. ಟಿಕೆಟಿಗೆ 100 ಯೆನ್. ಅಂಗಡಿಯ ಯಂತ್ರದಲ್ಲಿ ಗೋಲಿಗಳು ಮುಗಿಯುತ್ತವೆ, ಪರದೆಯ ಯಂತ್ರದಲ್ಲಿ ಮುಗಿಯುವುದಿಲ್ಲ.

ಅಲ್ಲಿಂದ ಹುಟ್ಟಿದ್ದು ಕಂಪ್ಲೀಟ್ ಗಾಚಾ. ಒಂದು ದೊಡ್ಡ ವಸ್ತು ಬೇಕಾದರೆ ಪೆಟ್ಟಿಗೆಗಳಿಂದ ಇಂತಿಷ್ಟು ಬೇರೆ ಬೇರೆ ಚಿತ್ರಗಳ ಪೂರ್ತಿ ಜೋಡಿ ಕೂಡಿಸಬೇಕು. ಆರು ಚಿತ್ರಗಳು, ಎಲ್ಲಕ್ಕೂ ಸಮಾನ ಸಾಧ್ಯತೆ ಎಂದಿಟ್ಟುಕೊಳ್ಳಿ. ಮೊದಲ ಚಿತ್ರಕ್ಕೆ ಒಂದೇ ಪೆಟ್ಟಿಗೆ ಸಾಕು. ಐದು ಕೈಸೇರಿದ ಮೇಲೆ ಆರನೆಯದಕ್ಕೆ ಮಾತ್ರವೇ ಸರಾಸರಿ ಆರು ಪೆಟ್ಟಿಗೆ ಬೇಕಾಗುತ್ತದೆ. ಗುರಿ ಹತ್ತಿರವಾದಂತೆ ದಾರಿ ಉದ್ದವಾಗುತ್ತದೆ, ಅಷ್ಟರಲ್ಲಿ ಬಿಟ್ಟುಬಿಡಲು ಮನಸ್ಸೂ ಬಾರದು. 2012ರ ಮೇ ತಿಂಗಳಲ್ಲಿ ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಇದು ಅಲ್ಲಿನ ಹಳೆಯ ಕಾನೂನಿನ ಪ್ರಕಾರವೇ ನಿಷಿದ್ಧವೆಂದು ಹೇಳಿತು. ಚಿತ್ರ ಜೋಡಿಸಿ ಬಹುಮಾನ ಪಡೆಯುವ ಮಾರಾಟವನ್ನು ಆ ಕಾನೂನು ಬಹಳ ಹಿಂದೆಯೇ ತಡೆದಿತ್ತು. ಕಂಪೆನಿಗಳು ಕಂಪ್ಲೀಟ್ ಗಾಚಾವನ್ನು ಕೈಬಿಟ್ಟವು. ಸಾಮಾನ್ಯ ಗಾಚಾ ಉಳಿಯಿತು. ಪಶ್ಚಿಮದಲ್ಲಿ 2009ರಿಂದ ಫಿಫಾ ಫುಟ್‌ಬಾಲ್ ಗೇಮಿನ ಆಟಗಾರರ ಕಾರ್ಡುಗಳು, 2010ರಲ್ಲಿ ಟೀಮ್ ಫೋರ್ಟ್ರೆಸ್ 2ರ ಬೀಗ ಹಾಕಿದ ಪೆಟ್ಟಿಗೆಗಳು ಬಂದವು. ಪೆಟ್ಟಿಗೆ ಉಚಿತ, ಕೀಲಿಕೈಗೆ ಹಣ.

ರೇಸಿಂಗ್ ಗೇಮ್‌ಗಳು ಮೊದಲು ಹೀಗಿರಲಿಲ್ಲ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಗ್ರ್ಯಾನ್ ಟುರಿಸ್ಮೊವನ್ನು ನೋಡಿ. ಆಟಗಾರನ ಕೈಯಲ್ಲಿ ಆರಂಭಕ್ಕೆ 10,000 ಕ್ರೆಡಿಟ್. ಅದರಲ್ಲಿ ಹೊಸ ಸ್ಪೋರ್ಟ್ಸ್ ಕಾರು ಬರುವುದಿಲ್ಲ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬೇಕು. ಬ್ರೇಕ್ ಹಾಕುವುದು, ತಿರುವು ತೆಗೆದುಕೊಳ್ಳುವುದು ಕಲಿತು ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಸಣ್ಣ ರೇಸ್ ಗೆದ್ದು ಹಣ ಕೂಡಿಸಿ ಟರ್ಬೊ ಹಾಕಿಸಬೇಕು. ಗೇಮಿಗೆ ಅಂಗಡಿಯಲ್ಲಿ ಒಮ್ಮೆ ಕೊಟ್ಟ ಬೆಲೆಯೇ ಕೊನೆ. ಒಬ್ಬ ಬಡ ಮೆಕ್ಯಾನಿಕ್ ದುಡಿದು ಮೇಲೆ ಬರುವ ಕಥೆಯಂತೆ ಇತ್ತು ಅದು.

ಆಟದ ಯಂತ್ರಗಳಿಗೆ ಇಂಟರ್ನೆಟ್ ಬಂದ ಮೇಲೆ ಆಟದೊಳಗೇ ಅಂಗಡಿ ತೆರೆಯಿತು. ಮೊದಮೊದಲು ಅದರಲ್ಲಿ ಅದೃಷ್ಟದ ಮಾತಿರಲಿಲ್ಲ, ಅವಸರಕ್ಕೆ ಬೆಲೆ ಇತ್ತು. 2013ರಲ್ಲಿ ಮೊಬೈಲಿಗೆ ಬಂದ ರಿಯಲ್ ರೇಸಿಂಗ್ 3 ಉಚಿತವಾಗಿತ್ತು. ಆದರೆ ಓಡಿಸಿದ ಕಾರು ರಿಪೇರಿಗೆ ಹೋದರೆ ನಿಜವಾದ ಗಡಿಯಾರ ನೋಡುತ್ತಾ ಕಾಯಬೇಕು, ಇಲ್ಲವೇ ಹಣ ಕೊಟ್ಟು ಬೇಗ ಬಿಡಿಸಿಕೊಳ್ಳಬೇಕು. ಅದೇ ವರ್ಷದ ಫೋರ್ಜಾ ಮೋಟರ್‌ಸ್ಪೋರ್ಟ್ 5ರಲ್ಲಿ, ಪೂರ್ತಿ ಬೆಲೆ ತೆತ್ತು ಕೊಂಡ ಗೇಮಿನೊಳಗೆ, ಕಾರುಗಳನ್ನು ಟೋಕನ್ ಮೂಲಕ ನಿಜವಾದ ಹಣಕ್ಕೆ ಮಾರಿದರು. ಆಟಗಾರರು ಸಿಟ್ಟಾದರು, ಕಂಪೆನಿ ಆಟದೊಳಗಿನ ಕಾರುಗಳ ದರ ಇಳಿಸಿತು.

2017 ಈ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಅಕ್ಟೋಬರಿನಲ್ಲಿ ಫೋರ್ಜಾ ಮೋಟರ್‌ಸ್ಪೋರ್ಟ್ 7 ಬಂತು, ಅದರೊಳಗೆ ಪ್ರೈಜ್ ಕ್ರೇಟ್ ಎಂಬ ಬಹುಮಾನದ ಪೆಟ್ಟಿಗೆಗಳು. ಇವುಗಳನ್ನು ಆಟದಲ್ಲಿ ಗಳಿಸಿದ ಕ್ರೆಡಿಟ್‌ನಿಂದಲೇ ಕೊಳ್ಳಬೇಕಿತ್ತು, ನಿಜವಾದ ಹಣಕ್ಕೆ ಮಾರಲಿಲ್ಲ. ಈ ಮಾತನ್ನು ನಾವು ನ್ಯಾಯವಾಗಿ ಹೇಳಲೇಬೇಕು. ಆದರೂ ಜನ ಏಕೆ ಕೆರಳಿದರು? ಹಿಂದಿನ ಆಟಗಳಲ್ಲಿ ಬ್ರೇಕ್ ಮತ್ತು ಸ್ಟಿಯರಿಂಗ್‌ಗೆ ಗೇಮ್ ನೀಡುವ ಸಹಾಯವನ್ನು ಆಫ್ ಮಾಡಿ ಕಷ್ಟಪಟ್ಟು ಓಡಿಸಿದವನಿಗೆ ಹೆಚ್ಚು ಕ್ರೆಡಿಟ್ ಸಿಗುತ್ತಿತ್ತು. ಇಲ್ಲಿ ಆ ಹೆಚ್ಚುವರಿ ಗಳಿಕೆಯನ್ನು ಪೆಟ್ಟಿಗೆಯಿಂದ ಬರುವ ಮಾಡ್ ಕಾರ್ಡುಗಳಿಗೆ ವರ್ಗಾಯಿಸಿದ್ದರು. ಕಲಿತ ಕೈಗೆ ಸಲ್ಲಬೇಕಾದ ಕೂಲಿಯನ್ನು ಚೀಟಿ ಎತ್ತುವ ಡಬ್ಬಕ್ಕೆ ಹಾಕಿದಂತಾಯಿತು. ಹೆಚ್ಚು ಹಣ ತೆತ್ತ ವಿಐಪಿ ಸದಸ್ಯರಿಗೆ ಹಿಂದೆ ಖಾಯಂ ಆಗಿದ್ದ ಇಮ್ಮಡಿ ಕ್ರೆಡಿಟ್ ಕೂಡ ಕೆಲವೇ ಬಾರಿ ಬಳಸಬಹುದಾದ ಕಾರ್ಡುಗಳಾಗಿ ಇಳಿದಿತ್ತು. ತಯಾರಕರಾದ ಟರ್ನ್ 10 ಕ್ಷಮೆ ಕೇಳಿ ಹಳೆಯ ಸೌಲಭ್ಯ ಮರಳಿಸಿದರು. 2018ರ ಕೊನೆಯ ವೇಳೆಗೆ ಪೆಟ್ಟಿಗೆಗಳನ್ನೇ ಆ ಗೇಮಿನಿಂದ ತೆಗೆದುಹಾಕಿದರು.

2017ರ ನವೆಂಬರಿನ ನೀಡ್ ಫಾರ್ ಸ್ಪೀಡ್ ಪೇಬ್ಯಾಕ್ ಇನ್ನೂ ಮುಂದೆ ಹೋಯಿತು. ಅಲ್ಲಿ ಕಾರಿನ ಎಂಜಿನ್ ಬಿಡಿಭಾಗಗಳೇ ಕಾರ್ಡುಗಳು. ಬೇಡದ ಕಾರ್ಡು ಕೊಟ್ಟರೆ ಟೋಕನ್, ಮೂರು ಟೋಕನ್ ಹಾಕಿದರೆ ಜೂಜುಕಟ್ಟೆಯ ಸ್ಲಾಟ್ ಯಂತ್ರದಂತೆ ಚಕ್ರಗಳು ತಿರುಗಿ ಹೊಸ ಕಾರ್ಡು. ಟೋಕನ್‌ಗಳು ಸಿಗುವ ಪೆಟ್ಟಿಗೆಗಳನ್ನು ನಿಜವಾದ ಹಣದಿಂದಲೂ ಪಡೆಯಬಹುದಿತ್ತು. ಗ್ಯಾರೇಜಿಗೆ ಹೋಗಿ ಗೇರ್‌ಬಾಕ್ಸ್ ಕೇಳಿದರೆ ಮಾಲಕ ದಾಳ ಉರುಳಿಸಿ ಬಂದದ್ದನ್ನು ಕೊಡುವಂತೆ! ಅದೇ ತಿಂಗಳು ಅದೇ ಇಎ ಕಂಪೆನಿಯ ಸ್ಟಾರ್ ವಾರ್ಸ್ ಗೇಮಿನ ಪೆಟ್ಟಿಗೆಗಳ ವಿರುದ್ಧ ಎದ್ದ ಕೂಗು ಯುರೋಪಿನ ಸರಕಾರಗಳ ಕಿವಿಗೂ ಬಿತ್ತು. 2019ರ ನೀಡ್ ಫಾರ್ ಸ್ಪೀಡ್ ಹೀಟ್ ಪೆಟ್ಟಿಗೆಯಿಲ್ಲದೆ ಬಂತು.

ಕಾರುಗಳಿಂದ ಫುಟ್‌ಬಾಲ್ ಆಡುವ ರಾಕೆಟ್ ಲೀಗ್‌ನ ಕಥೆ ನಮಗೆ ಹೆಚ್ಚು ಪಾಠ ಹೇಳಿತು. 2016ರಿಂದ ಅದರಲ್ಲಿ ಪೆಟ್ಟಿಗೆಗಳಿದ್ದವು, ಕೀಲಿಕೈ ಸುಮಾರು ಒಂದೂವರೆ ಡಾಲರ್. 2019ರ ಡಿಸೆಂಬರಿನಲ್ಲಿ ಅವುಗಳನ್ನು ತೆಗೆದು, ಇಂಥ ವಸ್ತುವಿಗೆ ಇಷ್ಟು ಬೆಲೆ ಎಂದು ಮೊದಲೇ ತೋರಿಸುವ ಬ್ಲೂಪ್ರಿಂಟ್ ತಂದರು. ಜನ ಸಂತೋಷಪಡಬೇಕಿತ್ತು. ಬದಲಿಗೆ ಒಂದು ಚಕ್ರದ ಚಿತ್ರಕ್ಕೆ ಇಷ್ಟೊಂದು ಹಣವೇ ಎಂದು ಗಲಾಟೆ ಎದ್ದಿತು, ಕಂಪೆನಿ ಬೆಲೆ ಇಳಿಸಬೇಕಾಯಿತು. ಅಪರೂಪದ ವಸ್ತುವಿಗಾಗಿ ಪೆಟ್ಟಿಗೆ ಮೇಲೆ ಪೆಟ್ಟಿಗೆ ತೆರೆದವರು ಅದಕ್ಕಿಂತ ಕಡಿಮೆ ಸುರಿದಿರಲಿಲ್ಲ. ಒಟ್ಟು ಮೊತ್ತ ಒಮ್ಮೆಯೂ ಅವರ ಕಣ್ಣೆದುರು ನಿಂತಿರಲಿಲ್ಲ, ಅಷ್ಟೇ.

ಮಕ್ಕಳಿಗೆ ಪ್ರಿಯನಾದ ಮಾರಿಯೋ ಕೂಡ 2019ರ ಮಾರಿಯೋ ಕಾರ್ಟ್ ಟೂರ್‌ನಲ್ಲಿ ಹಸಿರು ಕೊಳವೆಯಿಂದ ಗಾಚಾ ಹಾರಿಸಿದ. ಒಂದು ಬಾರಿಗೆ 5 ಮಾಣಿಕ್ಯ, ಹತ್ತು ಬಾರಿಗೆ 45. 2022ರ ಅಕ್ಟೋಬರಿನಲ್ಲಿ ಆ ಕೊಳವೆ ಮುಚ್ಚಿ ನೇರ ಮಾರಾಟದ ಅಂಗಡಿ ಇಟ್ಟರು. ನಮ್ಮ ಊರುಗಳ ಮೊಬೈಲುಗಳಲ್ಲಿ ಹೆಚ್ಚಾಗಿ ಕಾಣುವ ಆಸ್ಫಾಲ್ಟ್ ಸರಣಿಯಲ್ಲಿ, 2018ರ ಆಸ್ಫಾಲ್ಟ್ 9ರಿಂದ, ಕಾರು ಇಡಿಯಾಗಿ ಬರುವುದಿಲ್ಲ. ಪ್ಯಾಕ್‌ಗಳಿಂದ ಅದರ ನಕ್ಷೆಯ ಕಾರ್ಡುಗಳನ್ನು ಇಂತಿಷ್ಟು ಕೂಡಿಸಿದರೆ ಬೀಗ ತೆರೆಯುತ್ತದೆ, ಕಾರು ಬಲವಾಗಲು ಮತ್ತಷ್ಟು ಕಾರ್ಡು ಬೇಕು. ಜಪಾನಿನ ಚಿತ್ರ ಜೋಡಣೆ ನೆನಪಾಯಿತೇ?

ಮಾಣಿಕ್ಯ, ಟೋಕನ್, ಕ್ರೆಡಿಟ್ ಎಂಬ ಈ ಹೆಸರುಗಳೂ ಸುಮ್ಮನೆ ಬಂದವಲ್ಲ. ರೂಪಾಯಿ ಒಮ್ಮೆ ಮಾಣಿಕ್ಯವಾಯಿತೆಂದರೆ ಖರ್ಚು ಖರ್ಚೆಂದು ಅನಿಸುವುದಿಲ್ಲ. 1950ರ ದಶಕದಲ್ಲೇ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗದಲ್ಲಿ ಇದರ ಇನ್ನೊಂದು ಮುಖ ಕಂಡಿದ್ದರು. ಎಷ್ಟು ಬಾರಿ ಕುಕ್ಕಿದರೆ ಕಾಳು ಬೀಳುತ್ತದೆಂಬುದು ನಿಶ್ಚಿತವಿಲ್ಲದಾಗ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. 2018ರಲ್ಲಿ 7,000ಕ್ಕೂ ಹೆಚ್ಚು ಗೇಮ್ ಆಟಗಾರರನ್ನು ವಿಚಾರಿಸಿದ ಬ್ರಿಟನ್ನಿನ ಸಂಶೋಧಕರು ಪೆಟ್ಟಿಗೆಗಳಿಗೆ ಹೆಚ್ಚು ಖರ್ಚು ಮಾಡುವುದಕ್ಕೂ ಜೂಜಿನ ಚಟದ ತೀವ್ರತೆಗೂ ನಂಟಿದೆ ಎಂದು ಕಂಡರು. ಪೆಟ್ಟಿಗೆಯೇ ಚಟ ಹುಟ್ಟಿಸುತ್ತದೆಯೇ, ಚಟವಿದ್ದವರು ಪೆಟ್ಟಿಗೆಗೆ ಬರುತ್ತಾರೆಯೇ ಎಂಬುದನ್ನು ಆ ಸಮೀಕ್ಷೆ ಹೇಳುವುದಿಲ್ಲ. ಎರಡರಲ್ಲಿ ಯಾವುದಾದರೂ ತಂದೆ ತಾಯಂದಿರಿಗೆ ನೆಮ್ಮದಿಯ ಸುದ್ದಿಯಲ್ಲ.

ಹುಡುಗನೊಂದಿಗೆ ಕುಳಿತು ನಾವು ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆವು. ಬೇಕಾದ ಕಾರು ಸಿಗುವ ಸಾಧ್ಯತೆ ನೂರಕ್ಕೆ ಒಂದು ಎಂದಿಟ್ಟುಕೊಳ್ಳೋಣ. 100 ಪೆಟ್ಟಿಗೆ ತೆರೆದರೆ ಸಿಕ್ಕೇ ಸಿಗುತ್ತದೆಂದು ಅವನು ನಂಬಿದ್ದ. ಹಾಗಲ್ಲ. 100 ಪೆಟ್ಟಿಗೆ ತೆರೆದವರಲ್ಲಿ ಸುಮಾರು ಶೇ. 63 ಮಂದಿಗೆ ಮಾತ್ರ ಸಿಕ್ಕಿರುತ್ತದೆ. 8,900 ರೂಪಾಯಿ ಸುರಿದೂ ಶೇ. 37 ಮಂದಿಗೆ ಇಲ್ಲ. ಶೇ. 95ರ ಭರವಸೆ ಬೇಕಾದರೆ 300 ಪೆಟ್ಟಿಗೆ, ಅಂದರೆ 26,700 ರೂಪಾಯಿ. ಅವನು ತೆರೆದ 23 ಪೆಟ್ಟಿಗೆಗಳಿಗೆ ಸಾಧ್ಯತೆ ಶೇ. 21ರ ಆಸುಪಾಸು. ಹುಡುಗ ಲೆಕ್ಕವನ್ನು ಎರಡು ಬಾರಿ ಪರೀಕ್ಷಿಸಿದ, ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ.

ಕಾನೂನುಗಳು ಈ ಪೆಟ್ಟಿಗೆಯ ಮುಂದೆ ತಡವರಿಸಿದ ಬಗೆಯೂ ನೋಡುವಂಥದ್ದು. ಚೀನಾ 2017ರಲ್ಲಿ ಪೆಟ್ಟಿಗೆಯೊಳಗಿನ ಸಾಧ್ಯತೆಗಳನ್ನು ಬಹಿರಂಗಪಡಿಸಲು ಹೇಳಿತು. 2018ರ ಏಪ್ರಿಲಿನಲ್ಲಿ ಬೆಲ್ಜಿಯಂ, ಹಣಕ್ಕೆ ಮಾರುವ ಇಂಥ ಪೆಟ್ಟಿಗೆಗಳು ಜೂಜೇ ಎಂದು ಫಿಫಾ 18 ಸೇರಿದಂತೆ ಮೂರು ಗೇಮ್‌ಗಳ ವಿಷಯದಲ್ಲಿ ತೀರ್ಮಾನಿಸಿತು. ನೆದರ್ಲೆಂಡ್ಸ್ ಬೇರೆ ಪ್ರಶ್ನೆ ಕೇಳಿತು: ಸಿಕ್ಕಿದ ವಸ್ತುವನ್ನು ಮತ್ತೊಬ್ಬರಿಗೆ ಮಾರಬಹುದೇ? ಮಾರಬಹುದಾದರೆ ಮಾತ್ರ ಜೂಜು. ಪರೀಕ್ಷಿಸಿದ 10 ಗೇಮ್‌ಗಳಲ್ಲಿ ನಾಲ್ಕು ತಪ್ಪಿತಸ್ಥ ಎಂದಿತು. ಬಳಿಕ ಇಎ ಕಂಪೆನಿಗೆ 10 ದಶಲಕ್ಷ ಯೂರೊ ದಂಡವನ್ನೂ ಹಾಕಿತು. 2022ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಆ ದಂಡವನ್ನು ರದ್ದುಪಡಿಸಿತು. 2019ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಇಎ ಪ್ರತಿನಿಧಿಯೊಬ್ಬರು ಇವನ್ನು ಆಟಿಕೆಯಿರುವ ಚಾಕಲೇಟ್ ಮೊಟ್ಟೆಗೆ ಹೋಲಿಸಿದರು. ಜನರಿಗೆ ಅಚ್ಚರಿ ಇಷ್ಟ ಎಂಬುದು ವಾದ.

ಸಿಕ್ಕಿದ್ದನ್ನು ಮಾರಲಾಗದು, ಅದಕ್ಕೆ ಹೊರಗೆ ಬೆಲೆಯಿಲ್ಲ, ಆದ್ದರಿಂದ ಜೂಜಲ್ಲ ಎಂಬ ಮಾತು ಕೇಳಿದಾಗ ನಮಗೆ ಒಂಟೆಯ ಮಾಂಸ ನೆನಪಾಗುತ್ತದೆ. ಮುಅಲ್ಲಾ ಬಾಣ ಬಂದವನೂ ಮಾಂಸವನ್ನು ಮಾರಲಿಲ್ಲ. ಅವನಿಗೆ ಸಿಕ್ಕಿದ್ದು ಕೂಟದಲ್ಲಿ ಹೆಸರು. ಪರದೆಯ ಮೇಲೆ ಬಂಗಾರ ಬಣ್ಣದ ಕಾರು ಓಡಿಸುವ ಹುಡುಗನಿಗೆ ಗೆಳೆಯರ ನಡುವೆ ಸಿಗುವುದೂ ಅದೇ. ಆದರೆ ದುಡಿದ ಕ್ರೆಡಿಟ್‌ನಿಂದ ಮಾತ್ರ ತೆರೆಯುವ, ಹಣದ ನೆರಳೂ ತಾಗದ ಪೆಟ್ಟಿಗೆ ಇದೇ ಸಾಲಿಗೆ ಸೇರುತ್ತದೆಯೇ ಎಂಬುದನ್ನು ಆಲಿಮ್‌ಗಳೇ ಹೇಳಬೇಕು. ನಾವು ಚರಿತ್ರೆ ಓದಿದವರು, ಫತ್ವಾ ಕೊಡುವವರಲ್ಲ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾದಾಗ ಬಸ್ ನಿಲ್ದಾಣಗಳ ಲಾಟರಿ ಮೇಜುಗಳು ಮಾಯವಾದದ್ದು ಹಿರಿಯರಿಗೆ ನೆನಪಿರಬಹುದು. ಆನ್‌ಲೈನ್ ಜೂಜಿನ ವಿರುದ್ಧ 2021ರಲ್ಲಿ ಕರ್ನಾಟಕ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಅದರ ಮುಖ್ಯ ಗುರಿ. ಕಾರಿನ ಗೇಮಿನ ಪೆಟ್ಟಿಗೆಯನ್ನು ಅದು ಹೆಸರಿಟ್ಟು ಕರೆದಿಲ್ಲ.

ಆ ಉಮ್ಮ ಮೊಬೈಲಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಕೊಂಡಿದ್ದಾರೆ. ಗೇಮ್ ತೆಗೆಸಿಲ್ಲ. ಹಫ್ಯಾದ ಕುದುರೆ ಓಟದ ಕಥೆ ಹೇಳಿದಾಗ ಹುಡುಗ ಕೇಳಿದ ಮೊದಲ ಪ್ರಶ್ನೆ, ಆ ದಿನ ಗೆದ್ದವರು ಯಾರು ಎಂದು. ಈಗ ಆರಂಭದಲ್ಲಿ ಸಿಕ್ಕಿದ ಹಳೆಯ ಕಾರಿನಲ್ಲೇ ಓಡಿಸುತ್ತಾನಂತೆ. ಕಳೆದ ಶುಕ್ರವಾರ ನಮಾಝ್ ಮುಗಿಸಿ ಹೊರಬರುವಾಗ ಚಪ್ಪಲಿ ಹುಡುಕುತ್ತಿದ್ದ ನಮ್ಮ ಪಕ್ಕಕ್ಕೆ ಬಂದು ಇನ್ನೊಂದು ಪ್ರಶ್ನೆ ಹಾಕಿದ. ಗೇಮಿನವರು ದಿನಕ್ಕೊಂದು ಪೆಟ್ಟಿಗೆಯನ್ನು ಉಚಿತವಾಗಿ ಕೊಡುತ್ತಾರೆ, ಅದನ್ನು ತೆರೆಯದೆ ಬಿಟ್ಟರೆ ಮರುದಿನ ಎರಡು ಕೊಡುತ್ತಾರೆ, ಅದೇಕೆ ಹಾಗೆ ಎಂದು.